ಹಿತ್ತಿಲ ಬಾತುಗಳು

ಬಾತುಕೋಳಿ ಎಂಬ ಮಾತನ್ನು ಕೇಳಿದೊಡನೆ ಕೆರೆಯ ನೀರೂ ಎಡೆಬಿಡದ ಕೂಗಾಟವೂ ನೆನಪಿಗೆ ಬರುವುದು ಸಹಜ. ಆದರೆ ಇವೆರಡರ ಹಂಗೂ ಅಷ್ಟಾಗಿ ಇಲ್ಲದ ಬಾತೊಂದುಂಟು. ಅದು ಕೆರೆಯಿಲ್ಲದ ಹಿತ್ತಿಲಿನಲ್ಲಿ ಸುಖವಾಗಿ ಬಾಳಬಲ್ಲುದು. ಅದರ ಗಂಡು ಬುಸುಗುಟ್ಟುವುದೇ ಹೊರತು ಕೂಗುವುದಿಲ್ಲ. ಹೆಣ್ಣು ಮರಿಗಳನ್ನು ಕರೆಯುವಾಗ ಮೆಲುದನಿಯಲ್ಲಿ ಉಲಿಯುತ್ತದೆ, ಬೆದರಿದಾಗ ಮಾತ್ರ ಕಿರಿದಾಗಿ ಕೂಗುತ್ತದೆ. ಇದೇ ಮಸ್ಕೋವಿ ಬಾತು. ಮನೆಗೆ ಮನೆ ತಾಗಿಕೊಂಡಿರುವ ಮೈಸೂರಿನಂತಹ ನಗರದಲ್ಲಿ ನೆರೆಯವರ ನಿದ್ದೆಯನ್ನು ಕೆಡಿಸದ ಸಾಕುಹಕ್ಕಿ ಎಂಬುದೇ ಅದರ ಮೊದಲ ಯೋಗ್ಯತೆ.

ಹೆಸರನ್ನು ನೋಡಿ ಇದು ರಷ್ಯಾ ದೇಶದ ಹಕ್ಕಿಯೆಂದು ಭಾವಿಸುವವರುಂಟು. ಮಾಸ್ಕೋ ನಗರಕ್ಕೂ ಇದರ ಹುಟ್ಟಿಗೂ ಯಾವ ಸಂಬಂಧವೂ ಇಲ್ಲ. ಇದರ ತೌರು ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಕಾಡುಗಳು. ಕೊಲಂಬಸನ ಹಡಗುಗಳು ಆ ತೀರವನ್ನು ಮುಟ್ಟುವುದಕ್ಕೆ ಬಹು ಹಿಂದೆಯೇ ಅಲ್ಲಿಯ ಮೂಲನಿವಾಸಿಗಳು ಇದನ್ನು ಪಳಗಿಸಿ ಸಾಕಿಕೊಂಡಿದ್ದರು. ೧೬ನೆಯ ಶತಮಾನದಲ್ಲಿ ಸ್ಪೇನ್ ದೇಶದವರ ಮೂಲಕ ಅದು ಯೂರೋಪನ್ನು ಸೇರಿತು. ಅನಂತರ ನಡೆದದ್ದು ಒಂದು ವಿನೋದ. ಇಂಗ್ಲಿಷರು ಅದಕ್ಕೆ ರಷ್ಯಾವನ್ನು ನೆನಪಿಸುವ ಹೆಸರಿಟ್ಟರು. ಫ್ರೆಂಚರು ಉತ್ತರ ಆಫ್ರಿಕದ ಹೆಸರು ಹಿಡಿದು 'ಬಾರ್ಬರಿ ಬಾತು' ಎಂದರು. ಬಂಗಾಳಿಗಳು 'ಚೀನಾ ಹಾಂಸ್' ಎಂದು ಕರೆದರು. ಹೊರಗಿನಿಂದ ಬಂದದ್ದೆಂಬುದು ಎಲ್ಲರಿಗೂ ತಿಳಿದಿತ್ತು, ಎಲ್ಲಿಂದ ಎಂಬುದು ಮಾತ್ರ ತಿಳಿದಿರಲಿಲ್ಲ. ೧೭೫೮ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಅದಕ್ಕೆ ಕಸ್ತೂರಿಯ ವಾಸನೆಯನ್ನು ಸೂಚಿಸುವ 'ಮೊಸ್ಕಾಟ' ಎಂಬ ಲ್ಯಾಟಿನ್ ಹೆಸರನ್ನು ಕೊಟ್ಟನು. ಈಗ ಅದರ ಶಾಸ್ತ್ರೀಯ ನಾಮ ಕೈರೀನ ಮೊಸ್ಕಾಟ.

ಲೋಕದ ಉಳಿದೆಲ್ಲ ಸಾಕುಬಾತುಗಳೂ ಮಲ್ಲಾರ್ಡ್ ಎಂಬ ಒಂದೇ ಕಾಡುಬಾತಿನಿಂದ ಇಳಿದುಬಂದವು. ಭತ್ತದ ಕಟಾವು ಮುಗಿದ ಗದ್ದೆಗಳಲ್ಲಿ ನೂರಾರು ಬಾತುಗಳನ್ನು ಒಂದು ಕೋಲಿನ ಅಳವಿನಲ್ಲಿ ಮೇಯಿಸಿಕೊಂಡು ಹೋಗುವವರ ಮಂದೆಯೂ ಆ ವಂಶಕ್ಕೇ ಸೇರಿದ್ದು. ಮಸ್ಕೋವಿಯದು ಬೇರೆಯೇ ವಂಶ. ಇವೆರಡನ್ನೂ ಕೂಡಿಸಿದರೆ ಮರಿಗಳು ಹುಟ್ಟುತ್ತವೆ, ಚೆನ್ನಾಗಿ ಬೆಳೆಯುತ್ತವೆ, ಆದರೆ ಅವುಗಳಿಗೆ ಸಂತಾನವಿಲ್ಲ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಯ ಸ್ಥಿತಿಯೇ ಇವುಗಳದೂ. ತೈವಾನ್ ಮತ್ತು ಫ್ರಾನ್ಸ್ ದೇಶಗಳಲ್ಲಿ ಇಂತಹ ಮಿಶ್ರಬಾತುಗಳನ್ನು ಮಾಂಸಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಸಾಕುತ್ತಾರೆ.

ಮಸ್ಕೋವಿಯನ್ನು ಗುರುತಿಸುವುದು ಸುಲಭ. ಮುಖದ ಮೇಲೆ, ಕಣ್ಣು ಕೊಕ್ಕುಗಳ ಸುತ್ತ, ಕೆಂಪು ಮಾಂಸದ ಗಂಟುಗಳಿರುತ್ತವೆ. ಗಂಡಿನಲ್ಲಿ ಇವು ದಟ್ಟವಾಗಿ ಬೆಳೆದು ಮುಖವನ್ನು ವಿಕಾರಗೊಳಿಸುತ್ತವೆ; ಚೆಲುವಿನ ಮಾತಿನಲ್ಲಿ ಈ ಹಕ್ಕಿಯ ಪರವಾಗಿ ವಾದಿಸುವುದು ಕಷ್ಟ. ಮೈಬಣ್ಣ ಕಪ್ಪು, ಬಿಳುಪು ಅಥವಾ ಎರಡರ ಮಿಶ್ರಣ. ಕೋಪಗೊಂಡ ಗಂಡು ನೆತ್ತಿಯ ಗರಿಗಳನ್ನು ನಿಮಿರಿಸಿ, ತಲೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಬುಸುಗುಟ್ಟುತ್ತದೆ. ಪೂರ್ಣ ಬೆಳೆದ ಗಂಡು ೪ರಿಂದ ೬ ಕಿಲೋಗ್ರಾಂ ತೂಗಿದರೆ ಹೆಣ್ಣು ಅದರ ಅರ್ಧದಷ್ಟು ತೂಗುತ್ತದೆ. ಕಾಲಿನ ಬೆರಳುಗಳ ನಡುವೆ ಜಾಲವಿದ್ದರೂ ತುದಿಯಲ್ಲಿ ಹರಿತವಾದ ಉಗುರುಗಳಿವೆ. ಕಾಡಿನಲ್ಲಿ ಇದು ಮರದ ಕೊಂಬೆಯ ಮೇಲೆ ರಾತ್ರಿ ಕಳೆಯುವ, ಮರದ ಪೊಟರೆಯಲ್ಲಿ ಮೊಟ್ಟೆಯಿಡುವ ಹಕ್ಕಿ. ಮನೆಯ ಸೀಬೆಮರದ ಮೇಲೋ ಕಾಂಪೌಂಡಿನ ಗೋಡೆಯ ಮೇಲೋ ಬಾತೊಂದು ಕುಳಿತಿರುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಅದು ತನ್ನ ಪೂರ್ವಿಕರ ಅಭ್ಯಾಸವನ್ನು ಮರೆತಿಲ್ಲ, ಅಷ್ಟೇ.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂತಹ ಹಕ್ಕಿಗೆ ಎಡೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಊರನ್ನು ಕಾಡಿದ ಮೇಲೆ ೧೯೦೩ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಇಕ್ಕಟ್ಟಾದ ಕೇರಿಗಳ ಬದಲು ಗಾಳಿ ಬೆಳಕುಗಳಿಗೆ ಅವಕಾಶವಿರುವ ಹೊಸ ಬಡಾವಣೆಗಳು ಎದ್ದವು. ಮುಂದೆ ಅಂಗಳ, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ತೆಂಗು, ನುಗ್ಗೆ, ಕರಿಬೇವು, ಬಟ್ಟೆ ಒಗೆಯುವ ಕಲ್ಲು ಎಂಬ ಮನೆಯ ಮಾದರಿ ಆ ಕಾಲದ ನಂತರ ಹರಡಿತು. ಈಗ ಅಂತಹ ಹಿತ್ತಿಲುಗಳ ಮೇಲೆ ಕಟ್ಟಡಗಳು ಏಳುತ್ತಿವೆಯಾದರೂ ಉಳಿದಿರುವ ಕಡೆ ಒಂದು ಗಂಡು, ಮೂರು ನಾಲ್ಕು ಹೆಣ್ಣುಗಳಿರುವ ಪುಟ್ಟ ಹಿಂಡಿಗೆ ಸ್ಥಳ ಸಾಲುತ್ತದೆ. ಎರಡು ಗಂಡುಗಳು ಬೇಡ. ಅವು ಉಗುರುಗಳಿಂದ ಒಂದನ್ನೊಂದು ಗಾಯಗೊಳಿಸುತ್ತವೆ; ಹೆಣ್ಣುಗಳಿಗೂ ನೆಮ್ಮದಿಯಿರುವುದಿಲ್ಲ. ತರುವುದಕ್ಕೆ ಮೊದಲು ನಗರಾಡಳಿತದ ಕಚೇರಿಯಲ್ಲಿ ನಿಯಮಗಳನ್ನು ವಿಚಾರಿಸಿಕೊಳ್ಳುವುದೂ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳುವುದೂ ಒಳ್ಳೆಯದು. ಎರಡನೆಯದನ್ನು ಅನೇಕರು ಮರೆಯುತ್ತಾರೆ.

ಹಗಲಿನಲ್ಲಿ ಹಕ್ಕಿಗಳು ಹಿತ್ತಿಲಿನಲ್ಲಿ ಅಡ್ಡಾಡಿಕೊಂಡಿರಬಹುದು. ರಾತ್ರಿಗೆ ಮಾತ್ರ ಭದ್ರವಾದ ಗೂಡು ಬೇಕು. ಒಂದೊಂದು ಹಕ್ಕಿಗೆ ನಾಲ್ಕು ಚದರಡಿಯಷ್ಟು ನೆಲ, ಅದರ ಮೇಲೆ ಭತ್ತದ ಹೊಟ್ಟು ಅಥವಾ ಒಣಹುಲ್ಲು, ಮಳೆನೀರು ಒಳನುಗ್ಗದಂತಹ ಮಾಡು, ಗಾಳಿಯಾಡಲು ಜಾಲರಿ, ಇಷ್ಟಿದ್ದರೆ ಸಾಕು. ನಗರದಲ್ಲಿ ಶತ್ರುಗಳಿಲ್ಲವೆಂದು ತಿಳಿಯುವುದು ಸರಿಯಲ್ಲ. ಬೀದಿನಾಯಿ ಎಲ್ಲರಿಗೂ ಕಾಣುವ ಶತ್ರು. ಅದಕ್ಕಿಂತ ಹೆಚ್ಚಿನ ಹಾನಿಯನ್ನು ಮುಂಗುಸಿಯೂ ಬೆಕ್ಕೂ ಹೆಗ್ಗಣವೂ ಮಾಡುತ್ತವೆ. ಮುಂಗುಸಿಗೆ ಅಂಗೈಯಗಲದ ಸಂದು ಸಾಕು. ಆದುದರಿಂದ ಗೂಡಿನ ಜಾಲರಿಯನ್ನು ನೆಲದೊಳಕ್ಕೂ ಸ್ವಲ್ಪ ಇಳಿಸಿ ಹೂಳಬೇಕು. ಮರಿಗಳಿಗೆ ಹದ್ದು ಕಾಗೆಗಳ ಭಯ ಹಗಲಿನಲ್ಲಿಯೂ ತಪ್ಪಿದ್ದಲ್ಲ. ಹಗುರವಾದ ಹೆಣ್ಣುಗಳು ಹಾರಿ ಗೋಡೆ ದಾಟುವುದುಂಟು. ಇದನ್ನು ತಡೆಯಲು ಒಂದೇ ಪಕ್ಕದ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸುತ್ತಾರೆ. ಬೆಳೆದು ಮುಗಿದ ಗರಿಯಲ್ಲಿ ರಕ್ತವಿಲ್ಲವಾದ್ದರಿಂದ ಕೂದಲು ಕತ್ತರಿಸಿದಂತೆಯೇ ನೋವಾಗುವುದಿಲ್ಲ. ಎರಡು ಪಕ್ಕವನ್ನೂ ಕತ್ತರಿಸಿದರೆ ಸಮತೋಲ ಉಳಿದು ಸ್ವಲ್ಪ ದೂರವಾದರೂ ಹಾರಿಯಾವು. ಒಂದೇ ಪಕ್ಕವಾದರೆ ಓಲಿ ಬೀಳುತ್ತವೆ. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕಾಗುತ್ತದೆ.

ಕೊಳವಿಲ್ಲದೆ ಬಾತು ಬದುಕೀತೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಯಿಂದ ಎಣ್ಣೆಯನ್ನು ತೆಗೆದು ಗರಿಗಳಿಗೆ ಬಳಿದುಕೊಳ್ಳುವುದರಿಂದ ಬಾತಿನ ಮೈಗೆ ನೀರು ಹತ್ತುವುದಿಲ್ಲ. ಮಸ್ಕೋವಿಯಲ್ಲಿ ಈ ಗ್ರಂಥಿ ಅಷ್ಟಾಗಿ ಬೆಳೆದಿಲ್ಲ. ಹೀಗಾಗಿ ಅದು ಬಹು ಹೊತ್ತು ಈಜುವ ಹಕ್ಕಿಯಲ್ಲ. ಆದರೆ ತಲೆಯನ್ನು ಪೂರ್ತಿಯಾಗಿ ಮುಳುಗಿಸುವಷ್ಟು ಆಳದ ನೀರು ಅದಕ್ಕೆ ದಿನವೂ ಬೇಕೇ ಬೇಕು. ಕಣ್ಣುಗಳನ್ನೂ ಮೂಗಿನ ಹೊಳ್ಳೆಗಳನ್ನೂ ಅದು ತೊಳೆದುಕೊಳ್ಳುವುದು ಹೀಗೆಯೇ; ಒಣ ಆಹಾರವನ್ನು ನುಂಗುವುದಕ್ಕೂ ಪಕ್ಕದಲ್ಲಿ ನೀರಿರಬೇಕು. ದನಕರುಗಳಿಲ್ಲದ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಕಲಗಚ್ಚಿನ ಕಲ್ಲುಬಾನಿ ಈ ಕೆಲಸಕ್ಕೆ ಒದಗುತ್ತದೆ. ಬಾತುಗಳು ಒಂದು ಗಳಿಗೆಯಲ್ಲಿ ನೀರನ್ನು ಕೆಸರು ಮಾಡಿಬಿಡುತ್ತವೆ. ಅದನ್ನು ದಿನವೂ ತೆಂಗಿನ ಪಾತಿಗೆ ಚೆಲ್ಲಿ ಹೊಸನೀರು ತುಂಬಬೇಕು. ಚೆಲ್ಲಿದ ನೀರು ಮರಕ್ಕೆ ಒಳ್ಳೆಯ ಗೊಬ್ಬರ. ಚೆಲ್ಲದೆ ಬಿಟ್ಟರೆ ನಾರುತ್ತದೆ, ಸೊಳ್ಳೆ ಹುಟ್ಟುತ್ತದೆ, ನೆರೆಯವರ ದೂರು ನ್ಯಾಯವಾದದ್ದೇ ಆಗುತ್ತದೆ.

ಆಹಾರದ ವಿಷಯದಲ್ಲಿ ಮಸ್ಕೋವಿ ಹಟಮಾರಿಯಲ್ಲ. ಹುಲ್ಲು, ಸೊಪ್ಪು, ಎರೆಹುಳು, ಬಸವನಹುಳು, ನೊಣ, ಜಿರಲೆ ಎಲ್ಲವನ್ನೂ ಅದು ತಿನ್ನುತ್ತದೆ. ಕೋಳಿಯಂತೆ ಕಾಲಿನಿಂದ ನೆಲವನ್ನು ಕೆದರುವ ಅಭ್ಯಾಸ ಅದಕ್ಕಿಲ್ಲವಾದ್ದರಿಂದ ಹೂಗಿಡಗಳ ಬುಡ ಉಳಿಯುತ್ತದೆ. ಎಳೆಯ ದಂಟಿನ ಮಡಿ ಮಾತ್ರ ಉಳಿಯುವುದಿಲ್ಲ. ಮನೆಯಲ್ಲಿ ಕೊಡಬಹುದಾದದ್ದೆಂದರೆ ನುಚ್ಚು, ಒಡೆದ ಮುಸುಕಿನ ಜೋಳ, ರಾಗಿ, ಭತ್ತದ ತೌಡು, ತರಕಾರಿಯ ಸಿಪ್ಪೆ. ತೊಟ್ಟಿಯಲ್ಲಿ ಬೆಳೆಸಿದ ಅಜೋಲವೂ ಒಳ್ಳೆಯ ಮೇವು. ಮೊದಲ ವಾರಗಳ ಮರಿಗಳಿಗೆ ಕೋಳಿಮರಿಯ ಆಹಾರವನ್ನೇ ಕೊಡುವುದುಂಟು. ಆದರೆ ಬಾತಿನ ಮರಿಗೆ ನಿಯಾಸಿನ್ ಎಂಬ ಜೀವಸತ್ವ ಕೋಳಿಮರಿಗಿಂತ ಹೆಚ್ಚಾಗಿ ಬೇಕು. ಅದು ಸಾಲದೆ ಹೋದರೆ ಕಾಲುಗಳು ಬಲಗುಂದಿ ಸೊಟ್ಟಗಾಗುತ್ತವೆ. ಆಹಾರಕ್ಕೆ ಸ್ವಲ್ಪ ಯೀಸ್ಟ್ ಪುಡಿಯನ್ನು ಬೆರೆಸುವುದರಿಂದ ಈ ಕೊರತೆ ನೀಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ವಿಸ್ತಾರವಾಗಿಯೇ ಹೇಳಬೇಕಾಗಿದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಕೆಲವೇ ತಿಂಗಳುಗಳಲ್ಲಿ ಸತ್ತುಹೋದವು. ಬಾತಿನ ಮರಿಗಳೂ ಸತ್ತವು. ಕಾರಣ ತಿಳಿಯದೆ ಅದಕ್ಕೆ ಮೊದಲು 'ಟರ್ಕಿ ಎಕ್ಸ್ ರೋಗ' ಎಂದೇ ಹೆಸರಿಟ್ಟರು. ಸೋಂಕಿನ ಯಾವ ಗುರುತೂ ಸಿಕ್ಕಲಿಲ್ಲ. ಕೊನೆಗೆ ಸಂಶಯ ಅವು ತಿಂದಿದ್ದ ಆಹಾರದ ಕಡೆಗೆ ತಿರುಗಿತು. ಬ್ರೆಜಿಲ್ ದೇಶದಿಂದ ತರಿಸಿದ್ದ ಕಡಲೆಕಾಯಿ ಹಿಂಡಿ ಅದರಲ್ಲಿತ್ತು. ಆ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆಯುವಾಗ ಹುಟ್ಟಿಸುವ ವಿಷವೇ ಕೊಲೆಗಾರನೆಂದು ಗೊತ್ತಾಯಿತು. ಆ ಶಿಲೀಂಧ್ರದ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು. ಅದು ಮುಖ್ಯವಾಗಿ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಮನುಷ್ಯರಿಗೂ ಅಪಾಯಕಾರಿ. ಸಾಕುಹಕ್ಕಿಗಳಲ್ಲಿ ಈ ವಿಷವನ್ನು ಬಾತಿನ ಮರಿಯಷ್ಟು ಬೇಗ ತೋರಿಸುವ ಜೀವಿ ಬೇರೊಂದಿಲ್ಲವೆನ್ನಬಹುದು. ಆಹಾರದಲ್ಲಿ ವಿಷವುಂಟೇ ಎಂಬುದನ್ನು ಪರೀಕ್ಷಿಸಲು ವಿಜ್ಞಾನಿಗಳು ಒಂದು ದಿನದ ಬಾತಿನ ಮರಿಗಳನ್ನೇ ಬಳಸುತ್ತಿದ್ದ ಕಾಲವೊಂದಿತ್ತು. ಆದುದರಿಂದ ಮಳೆಗಾಲದಲ್ಲಿ ತೇವ ತಗುಲಿ ಬೂಷ್ಟು ಬಂದ ಜೋಳವನ್ನೋ ಹಿಂಡಿಯನ್ನೋ 'ಮನುಷ್ಯರಿಗೆ ಬೇಡ, ಬಾತಿಗಾದರೂ ಆದೀತು' ಎಂದು ಹಾಕುವುದು ಅದಕ್ಕೆ ವಿಷವಿಕ್ಕಿದಂತೆಯೇ ಸರಿ. ತೊಳೆದರೂ ಬೇಯಿಸಿದರೂ ಈ ವಿಷ ಪೂರ್ತಿಯಾಗಿ ಹೋಗುವುದಿಲ್ಲ.

ಮೊಟ್ಟೆಯ ಲೆಕ್ಕದಲ್ಲಿ ಮಸ್ಕೋವಿಯನ್ನು ಹೊಗಳಲಾಗದು. ಖಾಕಿ ಕ್ಯಾಂಪ್‌ಬೆಲ್ ಎಂಬ ತಳಿಯ ಬಾತು ವರ್ಷಕ್ಕೆ ೩೦೦ರವರೆಗೆ ಮೊಟ್ಟೆಯಿಡಬಲ್ಲುದು. ಮಸ್ಕೋವಿ ಇಡುವುದು ಸಾಮಾನ್ಯವಾಗಿ ೬೦ರಿಂದ ೧೨೦. ಆದರೆ ಖಾಕಿ ಕ್ಯಾಂಪ್‌ಬೆಲ್ ತನ್ನ ಮೊಟ್ಟೆಯ ಮೇಲೆ ತಾನು ಕೂರುವುದನ್ನು ಬಹುಮಟ್ಟಿಗೆ ಮರೆತಿದೆ. ಅದಕ್ಕೆ ಯಂತ್ರವೋ ಹೇಂಟೆಯೋ ಬೇಕು. ಮಸ್ಕೋವಿಯಾದರೋ ಕಾವು ಕೂರುವುದರಲ್ಲಿ ಬಾತುಗಳ ಕುಲಕ್ಕೇ ಮೇಲು. ಮರದ ಪೊಟರೆಯನ್ನು ಹೋಲುವಂತೆ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆಯನ್ನಿರಿಸಿ ಹುಲ್ಲು ಹಾಸಿದರೆ, ಅದು ೮ರಿಂದ ೧೫ ಮೊಟ್ಟೆಗಳನ್ನಿಟ್ಟು, ತನ್ನ ಎದೆಯ ಮೆದುಗರಿಗಳನ್ನು ಕಿತ್ತು ಹೊದಿಸಿ ಕುಳಿತುಬಿಡುತ್ತದೆ. ಕೋಳಿಯ ಮೊಟ್ಟೆ ಒಡೆಯಲು ೨೧ ದಿನ, ಸಾಮಾನ್ಯ ಬಾತಿನದಕ್ಕೆ ೨೮ ದಿನ, ಮಸ್ಕೋವಿಯದಕ್ಕೆ ೩೫ ದಿನ. ಮೂರು ವಾರ, ನಾಲ್ಕು ವಾರ, ಐದು ವಾರ ಎಂದು ನೆನಪಿಟ್ಟುಕೊಳ್ಳಬಹುದು. ಈ ಐದು ವಾರಗಳಲ್ಲಿ ತಾಯಿ ದಿನಕ್ಕೊಂದು ಬಾರಿ ಮಾತ್ರ ಎದ್ದು, ತಿಂದು, ನೀರಿನಲ್ಲಿ ಮೈನೆನೆಸಿಕೊಂಡು, ಅವಸರದಿಂದ ಮರಳುತ್ತದೆ. ಒದ್ದೆಯ ಗರಿಗಳಿಂದ ಮೊಟ್ಟೆಗಳಿಗೆ ಬೇಕಾದ ತೇವ ದೊರೆಯುತ್ತದೆ. ಬಾನಿ ಗೂಡಿಗೆ ಹತ್ತಿರದಲ್ಲಿರಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಮರಿಗಳು ಹಳದಿಯ ಮೇಲೆ ಕಂದು ಕಪ್ಪು ಮಚ್ಚೆಗಳನ್ನು ಹೊತ್ತು ಹೊರಬರುತ್ತವೆ. ಮೊದಲ ಮೂರು ವಾರ ಅವಕ್ಕೆ ಬೆಚ್ಚಗಿನ ಎಡೆ ಮುಖ್ಯ. ಬಾತಿನ ಮರಿ ತಾನೇ, ನೀರಿನಲ್ಲಿ ಬಿಟ್ಟರೇನಂತೆ ಎಂದು ಆಳವಾದ ತೊಟ್ಟಿಗೆ ಇಳಿಸಿದರೆ ಮೇಲೆ ಹತ್ತಲಾರದೆ ನೆನೆದು, ನಡುಗಿ ಸಾಯುತ್ತವೆ. ಕೊಕ್ಕು ಮುಳುಗುವಷ್ಟು ಆಳದ ತಟ್ಟೆಯಲ್ಲಿ ನೀರಿಟ್ಟು, ಅದರಲ್ಲಿ ಕೆಲವು ಬೆಣಚುಕಲ್ಲುಗಳನ್ನು ಹಾಕಿದರೆ ಅಪಾಯವಿಲ್ಲ.

ನೊಣಗಳನ್ನು ಹಿಡಿಯುವುದರಲ್ಲಿ ಮಸ್ಕೋವಿಯ ಕೊಕ್ಕಿನ ಚಳಕ ಹೆಸರಾದದ್ದು. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ದನಗಳ, ಹಂದಿಗಳ ಕೊಟ್ಟಿಗೆಗಳಲ್ಲಿ ಈ ಬಾತುಗಳನ್ನಿರಿಸಿ, ಅವು ನೊಣಗಳನ್ನು ಎಷ್ಟರಮಟ್ಟಿಗೆ ತಗ್ಗಿಸಬಲ್ಲವೆಂಬುದನ್ನು ಪ್ರಯೋಗಗಳಿಂದ ಪರೀಕ್ಷಿಸಿ ನೋಡಿದರು. ಫಲ ಚೆನ್ನಾಗಿಯೇ ಇತ್ತು. ಹಿತ್ತಿಲಿನಲ್ಲಿ ಬಾತಿದ್ದ ಮಾತ್ರಕ್ಕೆ ಓಣಿಯ ಸೊಳ್ಳೆಗಳೆಲ್ಲ ನಾಶವಾಗುತ್ತವೆಂದು ನಂಬುವುದು ಮಾತ್ರ ಅತಿಶಯ.

ಸಾಕುವವರು ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಹಕ್ಕಿಜ್ವರದ ವಿಷಯ. ಮೈಸೂರು ಕೆರೆಗಳ ಊರು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳಿಗೆ ಚಳಿಗಾಲದಲ್ಲಿ ದೂರದ ನೀರುಹಕ್ಕಿಗಳು ಬರುತ್ತವೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯದ ಕಡೆಯಿಂದ ಹಿಮಾಲಯವನ್ನು ದಾಟಿ ಬರುತ್ತವೆ. ಇದು ನಾಡಿನ ಭಾಗ್ಯವೇ ಸರಿ. ಆದರೆ ಹಕ್ಕಿಜ್ವರದ ವೈರಸ್ಸುಗಳಿಗೆ ಕಾಡಿನ ನೀರುಹಕ್ಕಿಗಳೇ ಮೂಲ ಆಶ್ರಯ. ಅವುಗಳ ಹಿಕ್ಕೆಯ ಮೂಲಕ ವೈರಸ್ಸು ನೀರಿಗೆ ಸೇರುತ್ತದೆ. ಕೋಳಿಗಳನ್ನು ಎರಡು ದಿನಗಳಲ್ಲಿ ಕೊಲ್ಲುವ ಸೋಂಕು ಬಾತಿನ ಮೈಯಲ್ಲಿ ಕೆಲವು ವೇಳೆ ಯಾವ ಲಕ್ಷಣವನ್ನೂ ತೋರದೆ ಇರಬಲ್ಲುದು. ನೋಡಲು ಆರೋಗ್ಯವಾಗಿರುವ ಬಾತು ಪಕ್ಕದ ಮನೆಯ ಕೋಳಿಗಳಿಗೆ ಮೃತ್ಯುವನ್ನು ಹೊತ್ತಿರಬಹುದೆಂಬುದು ಇದರ ಅರ್ಥ.

ಇದು ಬರಿಯ ಊಹೆಯಲ್ಲ. ೨೦೧೨ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಬಾತು, ಕೋಳಿ, ಟರ್ಕಿಗಳನ್ನು ಸಾಕಿದ್ದ ಕೇಂದ್ರ ಸರ್ಕಾರದ ಕ್ಷೇತ್ರಕ್ಕೆ ಈ ರೋಗ ತಗುಲಿ, ಅಲ್ಲಿಯ ಹಕ್ಕಿಗಳನ್ನು ಕೊಂದು ಹೂಳಬೇಕಾಯಿತು. ೨೦೧೭ರ ಜನವರಿಯಲ್ಲಿ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ನೀರುಹಕ್ಕಿಗಳು ಸತ್ತ ಕಾರಣದಿಂದ ಸುಮಾರು ಒಂದು ತಿಂಗಳು ಮುಚ್ಚಲಾಯಿತು. ೨೦೨೦ರ ಮಾರ್ಚಿಯಲ್ಲಿ ನಗರದ ಕುಂಬಾರಕೊಪ್ಪಲಿನಲ್ಲಿ ರೋಗ ಕಾಣಿಸಿಕೊಂಡಿತು. ಇಂತಹ ಮಾದರಿಗಳನ್ನು ಭೋಪಾಲದ ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳುವುದು ಪದ್ಧತಿ. ಖಚಿತವಾದ ಮೇಲೆ ಸುತ್ತಲಿನ ಒಂದು ಕಿಲೋಮೀಟರಿನೊಳಗೆ ಮನೆಮನೆಗಳಲ್ಲಿದ್ದ ಸಾಕುಹಕ್ಕಿಗಳನ್ನು ಕೊಲ್ಲಬೇಕಾಯಿತು. ರೋಗ ತಗುಲಿದವು, ತಗುಲದವು ಎಂಬ ಭೇದವನ್ನು ಅಂತಹ ಸಮಯದಲ್ಲಿ ಮಾಡಲಾಗುವುದಿಲ್ಲ. ಮಕ್ಕಳು ಹೆಸರಿಟ್ಟು ಕರೆಯುತ್ತಿದ್ದ ಹಕ್ಕಿಯೂ ಅದರಲ್ಲಿ ಸೇರುತ್ತದೆ. ಒಂದು ಹಿತ್ತಿಲಿನ ಅಜಾಗರೂಕತೆಗೆ ಇಡೀ ಬಡಾವಣೆ ಬೆಲೆ ತೆರಬೇಕಾಗಬಹುದು.

ಆದುದರಿಂದ ಹಿತ್ತಿಲಿನ ಬಾತು ಹಿತ್ತಿಲಿನಲ್ಲೇ ಇರಬೇಕು. ಕೆರೆಯ ನೀರನ್ನಾಗಲಿ, ಕೆರೆಯ ಕಳೆಯನ್ನಾಗಲಿ, ಬಸವನಹುಳುಗಳನ್ನಾಗಲಿ ಅದಕ್ಕೆ ತಂದು ಹಾಕಕೂಡದು. ಆಹಾರವನ್ನು ಮಾಡಿನ ಕೆಳಗೆ ಇಟ್ಟರೆ ಹೊರಗಿನ ಹಕ್ಕಿಗಳು ಬಂದು ಮುಟ್ಟುವುದಿಲ್ಲ. ಹೊಸದಾಗಿ ಕೊಂಡುತಂದ ಹಕ್ಕಿಯನ್ನು ಎರಡು ಮೂರು ವಾರ ಬೇರೆಯಾಗಿಯೇ ಇರಿಸಿ ನೋಡಬೇಕು. ಗೂಡನ್ನು ಶುಚಿಮಾಡಲು ಬೇರೆ ಚಪ್ಪಲಿ, ಆಮೇಲೆ ಸೋಪಿನಿಂದ ಕೈತೊಳೆಯುವುದು, ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿಯೇ ತಿನ್ನುವುದು, ಇವು ದಿನದಿನದ ಅಭ್ಯಾಸವಾಗಬೇಕು. ಹಕ್ಕಿಗಳು ಒಮ್ಮೆಗೇ ಸತ್ತರೆ ಅವುಗಳನ್ನು ಬರಿಗೈಯಲ್ಲಿ ಮುಟ್ಟದೆ, ಮೋರಿಗೆ ಎಸೆಯದೆ ಪಶುವೈದ್ಯಶಾಲೆಗೆ ಕೂಡಲೆ ತಿಳಿಸಬೇಕು. ಹಿಂಡನ್ನು ಕಳೆದುಕೊಂಡೇವೆಂಬ ಭಯದಿಂದ ಮುಚ್ಚಿಡುವವರಿದ್ದಾರೆ. ಆ ಭಯ ಸಹಜವಾದರೂ ಮುಚ್ಚಿಟ್ಟ ದಿನಗಳಲ್ಲಿಯೇ ರೋಗ ಹಬ್ಬುತ್ತದೆ. ಬಾತುಗಳಿಗೆ ಬರುವ ಪ್ಲೇಗ್ ಎಂಬ ಬೇರೊಂದು ವೈರಸ್ ರೋಗಕ್ಕೆ ಲಸಿಕೆಯುಂಟು. ಅದನ್ನು ಕುರಿತು ಪಶುವೈದ್ಯರನ್ನೇ ಕೇಳಿ ತಿಳಿಯಬೇಕು.

ಸಾಕಿ ಬೇಸರವಾದಾಗ ಬಾತನ್ನು ಕೆರೆಗೆ ಬಿಟ್ಟು ಬರುವುದು ಕೆಲವರ ವಾಡಿಕೆ. ಬಿಡುಗಡೆ ಕೊಟ್ಟೆವೆಂಬ ಸಮಾಧಾನ ಅವರಿಗೆ. ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾದಲ್ಲಿ ಹೀಗೆ ಬಿಟ್ಟ ಮಸ್ಕೋವಿಗಳು ಹೆಚ್ಚಿ, ಉದ್ಯಾನಗಳನ್ನೂ ಕೊಳಗಳನ್ನೂ ತುಂಬಿಕೊಂಡವು. ೨೦೧೦ರಲ್ಲಿ ಅಲ್ಲಿಯ ಸರ್ಕಾರ ಇವುಗಳ ಸಾಕಣೆ ಬಿಡುಗಡೆಗಳ ಮೇಲೆ ಕಟ್ಟುಪಾಡು ವಿಧಿಸಿತು. ಮೈಸೂರಿನ ಕೆರೆಗಳಲ್ಲಿ ನಾಡಿನದೇ ಆದ ಚುಕ್ಕೆಕೊಕ್ಕಿನ ಬಾತುಗಳು ಗೂಡುಕಟ್ಟಿಕೊಂಡಿವೆ. ಅವುಗಳ ನಡುವೆ ಐದು ಕಿಲೋಗ್ರಾಂ ತೂಗುವ ಜಗಳಗಂಟ ಹಕ್ಕಿಗೆ ಎಡೆಯಿಲ್ಲ.

ಹಿಂಡು ಬೆಳೆಯದಂತೆ ನೋಡಿಕೊಳ್ಳುವುದು ಸುಲಭ. ನಾಲ್ಕು ಹೆಣ್ಣುಗಳು ಒಂದು ಬಾರಿ ಕಾವು ಕೂತರೆ ನಲವತ್ತು ಮರಿಗಳಾದಾವು. ನಗರದ ಯಾವ ಹಿತ್ತಿಲೂ ಅಷ್ಟನ್ನು ತಾಳಲಾರದು. ಬೇಡವಾದ ಮೊಟ್ಟೆಗಳನ್ನು ದಿನದಿನವೂ ಸಂಜೆ ತೆಗೆದು ಅಡುಗೆಮನೆಗೆ ಕಳುಹಿಸಬೇಕು. ಗೂಡು ಪೂರ್ತಿ ಬರಿದಾದರೆ ತಾಯಿ ಆ ಜಾಗವನ್ನು ನಂಬದೆ ಕ್ರೋಟನ್ ಗಿಡಗಳ ಮರೆಯಲ್ಲೋ ಸೌದೆಯ ಸಂದಿಯಲ್ಲೋ ಗುಟ್ಟಾಗಿ ಇಡತೊಡಗುತ್ತದೆ. ಆದುದರಿಂದ ತಿಳಿದವರು ಒಂದು ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ, ಅದನ್ನು ಗೂಡಿನಲ್ಲಿಯೇ ಬಿಟ್ಟು, ಉಳಿದವನ್ನು ತೆಗೆಯುತ್ತಾರೆ.